ಪಾಪ ನಿವೇದನೆಯ ತಾಲೀಮು

ಭಾನುವಾರ ನಾನು ಟೀಚರ್, ಉಳಿದ ಆರು ದಿನ ಟೇಲರ್. ಶಿರಸಿ ಪೇಟೆಯಲ್ಲಿ ಒಂದು ಶಟರಿನ ಅಂಗಡಿ ಇದೆ, ಎರಡು ಮಿಷನ್ ಇವೆ. ನಮ್ಮ ಚರ್ಚಿನಲ್ಲಿ ಭಾನುವಾರದ ಪೂಜೆ ಮುಗಿದ ಮೇಲೆ ಮಕ್ಕಳಿಗೆ ಧರ್ಮೋಪದೇಶದ ತರಗತಿಗಳು ನಡೆಯುತ್ತವೆ. ಮೊದಲ ಸಲ ಪರಮ ಪ್ರಸಾದ, ಎಂದರೆ ಪೂಜೆಯಲ್ಲಿ ಹಂಚುವ ಪವಿತ್ರ ರೊಟ್ಟಿ, ಸ್ವೀಕರಿಸಲಿರುವ ಎಂಟು ವರ್ಷದ ಮಕ್ಕಳ ತರಗತಿಯನ್ನು ಯಾರೂ ಸುಲಭಕ್ಕೆ ಒಪ್ಪಿಕೊಳ್ಳುವುದಿಲ್ಲ. ಆ ವಯಸ್ಸಿನವರು ಕೇಳುವ ಪ್ರಶ್ನೆಗಳು ಹಾಗಿರುತ್ತವೆ. ನಾನು ಒಪ್ಪಿಕೊಂಡೆ. ನನಗೆ ಬಾಯಿ ಜಾಸ್ತಿ, ಸಿಟ್ಟೂ ಜಾಸ್ತಿ, ಜೊತೆಗೆ ಏನು ಕಲಿಸಿದರೂ ನಾಟಕದ ಹಾಗೆ ಮಾಡಿ ತೋರಿಸುವ ಚಟ. ಮಕ್ಕಳಿಗೆ ಈ ಮೂರೂ ಇಷ್ಟ.

ಆ ಚಟದಿಂದಲೇ ಕೆಲವು ವರ್ಷಗಳ ಹಿಂದೆ ಒಂದು ಜನವರಿಯಲ್ಲಿ ಸಿಕ್ಕಿಬಿದ್ದೆ.

ಆ ಕ್ರಿಸ್ಮಸ್ಸಿಗೆ ಚರ್ಚಿನ ಗೋದಲಿ ಕಟ್ಟಿದ್ದು ಯುವಜನರ ಗುಂಪು. ಗೋದಲಿ ಎಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ. ಪ್ರತಿ ವರ್ಷ ಥರ್ಮೊಕೋಲು, ಬಣ್ಣದ ಕಾಗದ, ಮಿಣಮಿಣ ಲೈಟು ಇಷ್ಟರಲ್ಲೇ ಮುಗಿಯುತ್ತಿತ್ತು. ಆ ಸಲ ಮುಂದಾಳಾಗಿದ್ದವಳು ಸಿಸ್ಟರ್‌ಗಳ ಹಾಸ್ಟೆಲಿನಲ್ಲಿದ್ದ ಒಬ್ಬ ಹುಡುಗಿ. ಯಲ್ಲಾಪುರದ ಕಡೆಯ ಕಾಡಿನೊಳಗಿನ ಊರಿನ ಸಿದ್ದಿ ಬುಡಕಟ್ಟಿನ ಹುಡುಗಿ, ಎರಡನೇ ಪಿಯುಸಿ. ಪೂಜೆಯಲ್ಲಿ ಕೀಬೋರ್ಡ್ ನುಡಿಸುತ್ತಿದ್ದಳು, ಒಮ್ಮೆ ಕೇಳಿದ ಹಾಡು ಅವಳ ಬೆರಳಿಗೆ ಬಂದುಬಿಡುತ್ತಿತ್ತು. ಬಿದಿರು, ಮರದ ಬೇರು, ಪಾಚಿ ತರಿಸಿ ಅವಳು ಕಟ್ಟಿದ ಕೊಟ್ಟಿಗೆ ಎಷ್ಟು ಚೆಂದ ಇತ್ತೆಂದರೆ ಬೇರೆ ಧರ್ಮದವರೂ ಮಕ್ಕಳನ್ನು ಎತ್ತಿಕೊಂಡು ನೋಡಲು ಬಂದರು. ನನ್ನನ್ನು ಅವಳು ಅಕ್ಕ ಎನ್ನುತ್ತಿದ್ದಳು. ಅವಳ ಚೂಡಿದಾರಗಳನ್ನು ಹೊಲಿದುಕೊಡುತ್ತಿದ್ದವಳು ನಾನೇ.

ಗೋದಲಿಯಲ್ಲಿ ಮಲಗಿಸುವ ಬಾಲಯೇಸು ಮಾತ್ರ ಹಳೆಯದು. ಒಂದು ಗೇಣುದ್ದದ ಪಿಂಗಾಣಿಯ ಮಗು, ಗಾಜಿನ ಕಣ್ಣು. ನಮ್ಮ ಪಾಲನಾ ಪರಿಷತ್ತಿನ ಕಾರ್ಯದರ್ಶಿಯವರ ಅಜ್ಜ ಗೋವಾದಿಂದ ಬಟ್ಟೆಯಲ್ಲಿ ಸುತ್ತಿ ತಂದು ಚರ್ಚಿಗೆ ಕೊಟ್ಟದ್ದಂತೆ. ಪರಿಷತ್ತು ಎಂದರೆ ಚರ್ಚಿನ ಆಡಳಿತದಲ್ಲಿ ಫಾದರಿಗೆ ನೆರವಾಗುವ ಹಿರಿಯರ ಸಮಿತಿ. ಕಾರ್ಯದರ್ಶಿಯವರಿಗೆ ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ. ಆ ಮಗುವಿನ ಸುದ್ದಿ ಬಂದರೆ ಅವರು ಅಜ್ಜನ ಸುದ್ದಿ ಎತ್ತದೆ ಬಿಡುತ್ತಿರಲಿಲ್ಲ.

ಬಾಲಯೇಸುವನ್ನು ಕಾಣಲು ಪೂರ್ವದ ಅರಸರು ಬಂದ ನೆನಪಿಗೆ ಜನವರಿಯಲ್ಲಿ ಬರುವ ಮೂರು ಅರಸರ ಹಬ್ಬದಂದು ಗೋದಲಿ ಬಿಚ್ಚುವುದು ವಾಡಿಕೆ. ಪೂಜೆಯ ನಂತರ ಮಕ್ಕಳು ಸಾಲಾಗಿ ಬಂದು ಬಾಲಯೇಸುವಿನ ಪಾದಕ್ಕೆ ಮುತ್ತು ಕೊಡುತ್ತಾರೆ. ಆಮೇಲೆ ಯುವಜನರು ಕುರಿ, ದನ, ಕುರುಬರು, ಅರಸರು ಎಲ್ಲರನ್ನೂ ಪೇಪರಿನಲ್ಲಿ ಸುತ್ತಿ, ನುಸಿಗುಳಿಗೆ ಹಾಕಿ, ತಗಡಿನ ದೊಡ್ಡ ಟ್ರಂಕಿನಲ್ಲಿಟ್ಟು ಬೀಗ ಹಾಕುತ್ತಾರೆ. ಮತ್ತೆ ಅದನ್ನು ತೆಗೆಯುವುದು ಮುಂದಿನ ಡಿಸೆಂಬರಿಗೆ. ಆ ಸಲ ಬೀಗ ಹಾಕಿ ಕೀಲಿಕೈಯನ್ನು ಫಾದರಿಗೆ ಕೊಟ್ಟವಳು ಆ ಹುಡುಗಿಯೇ.

ಬುಧವಾರ ಕಾರ್ಯದರ್ಶಿಯವರು ಬಂದು, ಬಾಲಯೇಸುವಿನ ಕಾಲ್ಬೆರಳ ಬಣ್ಣ ಹೋಗಿದೆ, ಪೇಂಟರನಿಗೆ ಕೊಡುತ್ತೇನೆ ಎಂದು ಟ್ರಂಕ್ ತೆಗೆಸಿದರು. ಎಲ್ಲ ಇತ್ತು, ಮಗು ಇರಲಿಲ್ಲ.

ಹುಡುಗಿಯನ್ನು ಕರೆಸಿ ಕೇಳಿದರು. ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. "ನಾನೇ ಕೈಯಾರೆ ಸುತ್ತಿ ಎಲ್ಲದರ ಮೇಲೆ ಇಟ್ಟೆ. ಚಾ ಕುಡ್ದು ಬಂದು ನಾನೇ ಬೀಗ ಹಾಕ್ದೆ. ಬೇರೆ ಯಾರೂ ಮುಟ್ಟಿದ್ದು ನಾ ನೋಡಿಲ್ಲ." ಸ್ವಲ್ಪ ಸುಳ್ಳು ಬೆರೆಸಿ, ನೆನಪಿಲ್ಲ, ತುಂಬ ಜನ ಇದ್ದರು ಎಂದಿದ್ದರೆ ಪಾರಾಗುತ್ತಿದ್ದಳೋ ಏನೋ. ಪ್ರಾಮಾಣಿಕವಾಗಿ ಹೇಳಿದ್ದರಿಂದ ಅವಳ ಕೈಗೂ ಆ ಬೀಗಕ್ಕೂ ಮಧ್ಯೆ ಇನ್ನೊಬ್ಬರ ಹೆಸರೇ ಉಳಿಯಲಿಲ್ಲ.

ಊರಿನ ಬಾಯಿ ತೆರೆದುಕೊಂಡಿತು. ಸಿದ್ದಿ ಎಂಬ ಶಬ್ದವನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ನಾವು ಅಷ್ಟು ನಾಜೂಕಿನ ಜನ. 'ಹಾಸ್ಟೆಲಿನವಳು' ಎಂದರು, 'ಕಾಡಿನ ಕಡೆಯವಳಲ್ಲವಾ' ಎಂದರು, 'ಹಳೇ ಸಾಮಾನಿಗೆ ಈಗ ಭಾರೀ ಬೆಲೆಯಂತೆ' ಎಂದರು. ನಾನು ಏನಂದುಕೊಂಡೆ ಎಂಬುದನ್ನೂ ಬರೆಯಬೇಕು. ಅಳತೆ ಟೇಪು ಹಿಡಿದು ಅವಳ ಹೆಗಲು ಮುಟ್ಟಿದವಳು ನಾನು, ಅವಳ ಸ್ವಭಾವ ಗೊತ್ತಿದ್ದವಳು. ಆದರೂ ಎರಡು ದಿನ, 'ಇದ್ದರೂ ಇರಬಹುದು' ಎಂದೇ ಅಂದುಕೊಂಡೆ.

ಮುಂದಿನ ವಾರದ ಭಾನುವಾರ ಪೂಜೆಯ ನಂತರ ಪರಿಷತ್ತಿನ ಸಭೆ ಎಂದು ಗೊತ್ತಾಯಿತು. ಅಷ್ಟರೊಳಗೆ ಪ್ರತಿಮೆ ಸಿಗದಿದ್ದರೆ ಅವಳನ್ನು ಹಾಸ್ಟೆಲಿನಿಂದ ಮನೆಗೆ ಕಳಿಸಬೇಕು ಎಂದು ಕಾರ್ಯದರ್ಶಿಯವರು ಆಗಲೇ ಹೇಳಿಯಾಗಿತ್ತು. ಅವಳ ಊರಿಗೆ ದಿನಕ್ಕೊಂದು ಬಸ್ಸು, ಅದೂ ಎರಡು ಮೈಲಿ ಈಚೆಗೇ ನಿಲ್ಲುತ್ತದೆ. ಮಾರ್ಚಿನಲ್ಲಿ ಪರೀಕ್ಷೆ. ಹಾಸ್ಟೆಲ್ ಬಿಟ್ಟರೆ ಕಾಲೇಜೂ ಬಿಟ್ಟಂತೆ. ಇದು ಎಲ್ಲರಿಗೂ ಗೊತ್ತಿತ್ತು.

ಇದರ ನಡುವೆ ನನ್ನ ತರಗತಿಯ ಗಡಿಬಿಡಿ ಬೇರೆ. ಜನವರಿಯ ಕೊನೆಯ ಭಾನುವಾರ ಮಕ್ಕಳಿಗೆ ಪ್ರಥಮ ಪರಮ ಪ್ರಸಾದ. ಅದಕ್ಕೆ ಮುಂಚೆ ಮಕ್ಕಳು ಜೀವನದಲ್ಲಿ ಮೊದಲ ಬಾರಿಗೆ ಪಾಪ ನಿವೇದನೆ ಮಾಡಬೇಕು. ಚರ್ಚಿನ ಪಕ್ಕದ ಗೋಡೆಗೆ ಒಂದು ಮರದ ಗೂಡು ಇದೆ. ಒಳಗೆ ಫಾದರ್ ಕೂರುತ್ತಾರೆ, ಹೊರಗೆ ಮಂಡಿಯೂರಿದವರು ಜಾಲರಿಯ ಮೂಲಕ ತಮ್ಮ ತಪ್ಪುಗಳನ್ನು ಪಿಸುಗುಟ್ಟುತ್ತಾರೆ. ಫಾದರ್ ದೇವರ ಹೆಸರಿನಲ್ಲಿ ಕ್ಷಮಿಸಿ, ಪ್ರಾಯಶ್ಚಿತ್ತವಾಗಿ ಎರಡು ಮೂರು ಜಪ ಹೇಳಲು ತಿಳಿಸುತ್ತಾರೆ. ಅಲ್ಲಿ ಕೇಳಿದ್ದನ್ನು ಅವರು ಯಾರಿಗೂ, ಯಾವ ಕಾರಣಕ್ಕೂ ಹೇಳುವಂತಿಲ್ಲ. ಇದನ್ನು ನಾನು ಮಕ್ಕಳಿಗೆ ಕಲಿಸುವ ರೀತಿಯೇ ಬೇರೆ. ಕತ್ತರಿಯನ್ನು ನನ್ನ ಕುತ್ತಿಗೆಯ ಹತ್ತಿರ ಹಿಡಿದು, "ಕುತ್ತಿಗೆ ಕೊಯ್ದರೂ ಹೇಳೋ ಹಾಗಿಲ್ಲ" ಎನ್ನುತ್ತಿದ್ದೆ. ಮಕ್ಕಳ ಕಣ್ಣು ಅಗಲವಾಗುತ್ತಿತ್ತು.

ಶನಿವಾರ ಮಧ್ಯಾಹ್ನ ತಾಲೀಮು. ಫಾದರ್ ಸಿದ್ದಾಪುರದ ಕಡೆಯ ಸಣ್ಣ ಚರ್ಚಿಗೆ ಪೂಜೆಗೆ ಹೋಗಿದ್ದರು. ನಾನೇ ಗೂಡಿನೊಳಗೆ ಕೂತೆ. ಬರೀ ಕೂತಿದ್ದರೆ ನಾನು ನಾನಾಗುತ್ತಿರಲಿಲ್ಲ. ನೇರಳೆ ಬಣ್ಣದ ದುಪಟ್ಟಾವನ್ನು ಫಾದರ್ ಹಾಕುವ ಪಟ್ಟಿಯ ಹಾಗೆ ಕುತ್ತಿಗೆಗೆ ಇಳಿಬಿಟ್ಟುಕೊಂಡಿದ್ದೆ. ಇದು ಬರೀ ತಾಲೀಮು, ಬೋರ್ಡಿನಲ್ಲಿ ಬರೆದ ಪಾಪಗಳಲ್ಲಿ ಯಾವುದಾದರೂ ಎರಡು ಹೇಳಿ ಸಾಕು ಎಂದು ಮೊದಲೇ ತಿಳಿಸಿದ್ದೆ. ಸುಳ್ಳು ಹೇಳಿದ್ದು, ತಮ್ಮನಿಗೆ ಹೊಡೆದದ್ದು, ಜಪ ಮಾಡದೆ ಮಲಗಿದ್ದು, ಅಮ್ಮನಿಗೆ ಎದುರು ಮಾತಾಡಿದ್ದು. ಒಬ್ಬೊಬ್ಬರೇ ಬಂದರು, ನಕ್ಕರು, ಹೇಳಿದರು, ಹೋದರು. ಒಬ್ಬನಂತೂ ನಾಲ್ಕನ್ನೂ ಒಂದೇ ಉಸಿರಿಗೆ ಒಪ್ಪಿಸಿದ.

ಕೊನೆಗೆ ಬಂದವಳು ಕಾರ್ಯದರ್ಶಿಯವರ ಮಗಳು. ಟ್ಯೂಷನ್ ಮುಗಿಸಿ ತಡವಾಗಿ ಬಂದಿದ್ದಳು, ನನ್ನ ಪೀಠಿಕೆ ಕೇಳಿರಲಿಲ್ಲ. ನಾನು ಅದನ್ನು ಗಮನಿಸಿರಲಿಲ್ಲ. ಅವಳು ನಗಲಿಲ್ಲ. ಜಾಲರಿಗೆ ಬಾಯಿ ಒತ್ತಿ, "ನಾನು ಬಾಲಯೇಸುವನ್ನ ಸಾಯಿಸ್ಬಿಟ್ಟೆ" ಎಂದಳು.

ಆ ಕ್ಷಣದಲ್ಲೇ ನಾನು, 'ನಿಲ್ಲಿಸು ಪುಟ್ಟಿ, ಇದು ತಾಲೀಮು, ನಾನು ನಿನ್ನ ಟೀಚರ್' ಎನ್ನಬೇಕಿತ್ತು. ಎನ್ನಲಿಲ್ಲ. ಮನಸ್ಸು ತಡೆಯಲಿಲ್ಲ, ಪೂರ್ತಿ ಕೇಳಬೇಕು ಅನ್ನಿಸಿತು. ಫಾದರ್ ಕೆಮ್ಮುವ ಹಾಗೆ ಸಣ್ಣಗೆ ಕೆಮ್ಮಿದೆ.

"ಪೆಟ್ಟಿಗೆ ಮುಚ್ಚಿದ್ರೆ ಉಸಿರು ಕಟ್ತದಲ್ಲ," ಎಂದಳು. "ನುಸಿಗುಳಿಗೆ ವಾಸ್ನೆ ಬೇರೆ. ಮುಂದಿನ ಕ್ರಿಸ್ಮಸ್‌ವರೆಗೆ ಅಷ್ಟರೊಳಗೆ ಮಲಗೋದು ಹೇಗೆ? ಅಕ್ಕಂದ್ರು ಚಾ ಕುಡೀಲಿಕ್ಕೆ ಹೋದಾಗ ತೆಗ್ದು ಬ್ಯಾಗಲ್ಲಿ ಹಾಕ್ಕೊಂಡೆ. ಮನೇಲಿ ಸ್ನಾನ ಮಾಡಿಸ್ವಾಗ ಕೈ ಜಾರ್ತು. ಕುತ್ತಿಗೆ ಮುರೀತು. ಆಮೇಲೆ ಅಜ್ಜನ ಹತ್ರ ಹುಗ್ದೆ. ಹೂ ಇಟ್ಟಿದ್ದೇನೆ. ಜಪಾನೂ ಹೇಳಿದ್ದೇನೆ."

ಅವಳ ಅಜ್ಜ, ಎಂದರೆ ಕಾರ್ಯದರ್ಶಿಯವರ ಅಪ್ಪ, ಹಿಂದಿನ ವರ್ಷ ತೀರಿಕೊಂಡಿದ್ದರು. ಚರ್ಚಿನ ಹಿಂದಿನ ಸಮಾಧಿ ಸ್ಥಳದಲ್ಲಿ ಅವರ ಗೋರಿ. ಸತ್ತವರನ್ನು ಎಲ್ಲಿಡಬೇಕು ಎಂಬುದು ಆ ಮಗುವಿಗೆ ಗೊತ್ತಿತ್ತು.

"ಇಷ್ಟೇನಾ?" ಎಂದೆ.

"ಇಷ್ಟೇ. ಪ್ರಾಯಶ್ಚಿತ್ತ ಹೇಳಿ."

ಮೂರು ನಮೋ ಮರಿಯ ಜಪ ಹೇಳು ಎಂದೆ. ದೇವರು ನಿನ್ನನ್ನು ಕ್ಷಮಿಸಿದ್ದಾನೆ, ಸಮಾಧಾನದಿಂದ ಹೋಗು ಎಂದೂ ಹೇಳಿದೆ. ಆ ಮಾತನ್ನು ಹೇಳುವ ಅಧಿಕಾರ ನನಗಿಲ್ಲ. ಅದು ಗುರುಗಳ ಮಾತು. ಮಗು ಎದ್ದು, ಬೆಂಚಿನ ಬಳಿ ಮೂರು ಜಪ ಮುಗಿಸಿ, ಕುಣಿಯುತ್ತಾ ಹೊರಗೆ ಹೋಯಿತು. ನಾನು ಆ ದುಪಟ್ಟಾವನ್ನು ಮಡಿಚಿ ಚೀಲಕ್ಕೆ ಹಾಕಿಕೊಂಡು ಇನ್ನೂ ಹತ್ತು ನಿಮಿಷ ಗೂಡಿನಲ್ಲೇ ಕೂತಿದ್ದೆ.

ಮರುದಿನ ಭಾನುವಾರ ಹುಡುಗಿ ಕೀಬೋರ್ಡಿನ ಹತ್ತಿರ ಇರಲಿಲ್ಲ. ಸಭೆ ಆಗುವವರೆಗೆ ಗಾಯನ ವೃಂದಕ್ಕೆ ಬರುವುದು ಬೇಡ ಎಂದಿದ್ದರಂತೆ. ಹಾಡುಗಳೆಲ್ಲ ಎಲ್ಲೆಲ್ಲಿಗೋ ಹೋದವು. ನಾಳೆ ಏನಾದರೂ ಮಾಡುತ್ತೇನೆ ಎಂದುಕೊಂಡು ಮನೆಗೆ ಬಂದೆ.

ಸೋಮವಾರ ಬೆಳಿಗ್ಗೆ ಹಾಸ್ಟೆಲಿನಿಂದ ಕರೆ ಬಂತು. ಹಾಸ್ಟೆಲ್ ನೋಡಿಕೊಳ್ಳುವ ಸಿಸ್ಟರ್ ಹಾವೇರಿ ಕಡೆಯವರು, ಮಾತು ಜೋರು, ಮನಸ್ಸು ಕೆಟ್ಟದ್ದಲ್ಲ. "ಬರ್ರಿ ಟೀಚರ್, ಒಳಗ ಬರ್ರಿ," ಎಂದರು. "ಆಕಿ ಟ್ರಂಕ್ ನೋಡಂತ ಹೇಳ್ಯಾರ. ನಾಳೆ ಯಾರೂ ಏನೂ ಅನ್ನಬಾರದಲ್ರೀ, ಒಬ್ಬರು ಹೊರಗಿನವರು ಇರ್ಲಿ ಅಂತ ನಿಮ್ಮನ್ನ ಕರದೀನಿ."

ಉದ್ದನೆಯ ಕೋಣೆ, ಎರಡೂ ಕಡೆ ಮಂಚಗಳ ಸಾಲು. ಬಾಗಿಲಿನಲ್ಲಿ ಬೇರೆ ಹುಡುಗಿಯರು ಇಣುಕುತ್ತಿದ್ದರು. ಅವಳು ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಳು. ಸಿಸ್ಟರ್ ಟ್ರಂಕಿನಿಂದ ಒಂದೊಂದಾಗಿ ತೆಗೆದರು. ಪಠ್ಯಪುಸ್ತಕ, ನೋಟ್ಸು, ತೆಂಗಿನೆಣ್ಣೆ ಬಾಟಲಿ, ನಾನು ಹೊಲಿದ ಎರಡು ಚೂಡಿದಾರ, ಒಂದು ಜಪಮಾಲೆ, ಒಳಬಟ್ಟೆಗಳು. ಒಂದೊಂದನ್ನೂ ಕೊಡವಿ ಮಂಚದ ಮೇಲೆ ಹಾಕಿದರು. ಹಾಸಿಗೆ ಮಗುಚಿದರು. ಅವಳು ನನ್ನನ್ನೇ ನೋಡುತ್ತಿದ್ದಳು.

"ಅಕ್ಕ, ನೀವಾದ್ರೂ ಹೇಳಿ," ಎಂದಳು. "ನಾ ಅಂಥವ್ಳಾ?"

ಗೋರಿಯ ಬಳಿ ಹೋಗಿ ಅಗೆದು ತೋರಿಸುವುದಕ್ಕೆ ಐದು ನಿಮಿಷ ಸಾಕಿತ್ತು. "ಸಿಸ್ಟರ್, ಇಷ್ಟು ಸಾಕು," ಎಂದಷ್ಟೇ ಹೇಳಿದೆ. ಸಿಸ್ಟರ್ ಕೈ ಒರೆಸಿಕೊಂಡು, "ಏನೂ ಇಲ್ರೀ," ಎಂದರು. ಅದರಿಂದ ಅವಳಿಗೆ ಲಾಭವೇನೂ ಆಗಲಿಲ್ಲ. ಸಂಜೆಯೊಳಗೆ, 'ಟ್ರಂಕಿನಲ್ಲಿ ಇಟ್ಟುಕೊಳ್ಳುವಷ್ಟು ಪೆದ್ದಿಯಾ ಅವಳು' ಎಂಬ ಮಾತು ನನ್ನ ಅಂಗಡಿಗೇ ಬಂತು.

ಯಾಕೆ ಸುಮ್ಮನಿದ್ದೆ? ಮಗುವಿನ ನಂಬಿಕೆಗಾಗಿ ಎಂದು ನನಗೆ ನಾನೇ ಹೇಳಿಕೊಂಡೆ. ಮೊದಲ ಸಲ ಬಾಯಿಬಿಟ್ಟು ತಪ್ಪು ಒಪ್ಪಿಕೊಂಡ ಮಗು ಅದು. ಅದನ್ನೇ ನಾನು ಸಭೆಯಲ್ಲಿ ಬಿಚ್ಚಿಟ್ಟರೆ ಅವಳು ಜನ್ಮದಲ್ಲಿ ಇನ್ನೊಮ್ಮೆ ಆ ಗೂಡಿನ ಹತ್ತಿರ ಬರುತ್ತಾಳೆಯೇ? ಈ ಮಾತು ನಿಜವೇ. ಆದರೆ ಅದರ ಹಿಂದೆ ಇನ್ನೊಂದು ಇತ್ತು. ಟೇಲರ್ ಹೆಂಗಸು ಫಾದರ್ ವೇಷದಲ್ಲಿ ಗೂಡಿನಲ್ಲಿ ಕೂತು ಮಗುವಿಗೆ ಪಾಪ ಕ್ಷಮೆ ಕೊಟ್ಟಳು ಎಂದು ಊರೆಲ್ಲ ಆಡಿಕೊಳ್ಳುತ್ತದೆ ಎಂಬ ಹೆದರಿಕೆ. ಎರಡರಲ್ಲಿ ಯಾವುದು ದೊಡ್ಡದಿತ್ತು ಎಂದು ಈಗಲೂ ಖಾತ್ರಿಯಿಂದ ಹೇಳಲಾರೆ.

ಗುಟ್ಟಾಗಿ ಅಗೆದು ತಂದು ಯಾವುದಾದರೂ ಕಪಾಟಿನಲ್ಲಿಟ್ಟು ಸಿಕ್ಕಿತು ಎಂದುಬಿಡಲೇ ಎಂದೂ ಯೋಚಿಸಿದೆ. ಕುತ್ತಿಗೆ ಮುರಿದ ಬಾಲಯೇಸು ಕಪಾಟಿನಲ್ಲಿ ಸಿಕ್ಕರೆ, 'ಹೆದರಿ ವಾಪಸ್ ತಂದಿಟ್ಟಳು' ಎನ್ನುತ್ತಾರೆ. ಅದೂ ಅವಳ ತಲೆಗೇ ಬರುತ್ತಿತ್ತು.

ಬುಧವಾರ ಫಾದರ್ ಹತ್ತಿರ ಹೋದೆ. ಅವರು ಅಂಗಳದಲ್ಲಿ ಕೂತು ಮೈಕಿನ ವಾಯರ್ ಜೋಡಿಸುತ್ತಿದ್ದರು. "ಫಾದರ್, ತಾಲೀಮಿನಲ್ಲಿ ಒಂದು ಮಗು ನಿಜವಾದ ಪಾಪವನ್ನೇ ಹೇಳಿಬಿಡ್ತು," ಎಂದೆ. ಅವರು ತಟ್ಟನೆ ಕೈ ಎತ್ತಿದರು.

"ಹೆಸರು ಹೇಳ್ಬೇಡಿ."

"ಬಾಲಯೇಸುವಿನ ವಿಷಯ ಫಾದರ್. ಹಾಸ್ಟೆಲ್ ಹುಡುಗಿಯದ್ದು ಏನೂ ತಪ್ಪಿಲ್ಲ."

ಅವರು ವಾಯರ್ ಕೆಳಗಿಟ್ಟರು. "ನೀವು ಕೇಳಿದ್ದು ಪಾಪ ನಿವೇದನೆಯೇ ಅಲ್ಲ," ಎಂದರು. "ನೀವು ಗುರುಗಳಲ್ಲ, ನಿಮಗೆ ಯಾವ ಕಟ್ಟುಪಾಡೂ ಇಲ್ಲ. ಆದ್ರೆ ಅದು ಮಗುವಿಗೆ ಗೊತ್ತಿಲ್ಲ. ಮುಂದಿನ ವಾರ ಅದೇ ಮಗು ಅದೇ ಗೂಡಿಗೆ ಬರ್ಬೇಕು. ಒಳಗೆ ನಾನಿರ್ತೇನೆ."

"ಹಾಗಾದ್ರೆ ಹುಡುಗಿ ತಪ್ಪಿಲ್ಲ ಅಂತ ನೀವೇ ಸಭೇಲಿ ಹೇಳಿ."

"ಹೇಗೆ ಗೊತ್ತಾಯ್ತು ಅಂತ ಕೇಳ್ತಾರೆ. ನಾನು ಬಾಯಿ ಮುಚ್ಚಿದ್ರೆ, ಫಾದರ್ ಗೂಡಲ್ಲಿ ಕೇಳಿದ್ದನ್ನ ಸಭೆಗೆ ತಂದ್ರು ಅಂತಾರೆ. ಆಮೇಲೆ ಈ ಊರಲ್ಲಿ ನನ್ನ ಹತ್ರ ಯಾರು ಮಂಡಿ ಊರ್ತಾರೆ ಟೀಚರ್? ಮಗು ತಾನಾಗೇ ಮನೇಲಿ ಹೇಳೋ ಹಾಗೆ ಮಾಡಿ. ಭಾನುವಾರದವರೆಗೆ ಸಮಯ ಇದೆ."

ನನಗೆ ಸಿಟ್ಟು ಬಂತು. ಓದಿದವರು ಎಷ್ಟು ಚೆಂದ ಮಾಡಿ ನನ್ನ ತಲೆಗೇ ಕಟ್ಟಿದರು ಎನ್ನಿಸಿತು. ಗೇಟಿನವರೆಗೆ ಬಂದ ಮೇಲೆ, ತಲೆಗೆ ಕಟ್ಟಿಕೊಂಡವಳು ನಾನೇ ಎಂಬುದು ನೆನಪಾಗಿ ಸುಮ್ಮನಾದೆ.

ಶುಕ್ರವಾರ ಮಗು ತಾಯಿಯ ಜೊತೆ ಅಂಗಡಿಗೆ ಬಂತು. ಪರಮ ಪ್ರಸಾದದ ಬಿಳಿ ಫ್ರಾಕಿನ ಅಳತೆ ನೋಡುವುದಿತ್ತು. ತಾಯಿ, "ಹಾಕಿ ನೋಡ್ತಾ ಇರಿ, ಬಿಳಿ ಸಾಕ್ಸ್ ತಗೊಂಡು ಬರ್ತೆ," ಎಂದು ಪಕ್ಕದ ಅಂಗಡಿಗೆ ಹೋದರು. ಮಗುವನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ಸೊಂಟದ ಸುತ್ತ ಗುಂಡುಸೂಜಿ ಚುಚ್ಚುತ್ತಾ ಹೋದೆ. ಅಲ್ಲಾಡಿದರೆ ಚುಚ್ಚುತ್ತದೆ ಎಂದು ಅವಳು ಉಸಿರು ಬಿಗಿ ಹಿಡಿದು ನಿಂತಿದ್ದಳು. ಅವಳು ಓಡಲಾರಳು ಎಂದೇ ನಾನು ಆ ಹೊತ್ತನ್ನು ಆರಿಸಿಕೊಂಡದ್ದು, ಅದನ್ನೂ ಹೇಳಿಬಿಡುತ್ತೇನೆ.

"ಪುಟ್ಟಿ, ಶನಿವಾರ ಹೇಳಿದ್ಯಲ್ಲ, ಅದನ್ನ ಅಪ್ಪಂಗೂ ಹೇಳ್ತೀಯಾ?"

ಒಳಗೆ ಕೂತಿದ್ದವಳು ನಾನು ಎಂಬುದು ದನಿಯಿಂದಲೇ ಅವಳಿಗೆ ಗೊತ್ತಾಗಿತ್ತು. "ಅದು ಒಳಗೆ ಹೇಳಿದ್ದು ಟೀಚರ್. ನೀವು ಹೊರಗೆ ಮಾತಾಡ್ಬಾರ್ದು."

"ಹೌದು, ಆದ್ರೆ..."

"ನೀವೇ ಹೇಳಿದ್ದಲ್ವಾ, ಕುತ್ತಿಗೆ ಕೊಯ್ದ್ರೂ ಅಂತ."

ಬಾಯಲ್ಲಿ ಹಿಡಿದಿದ್ದ ಗುಂಡುಸೂಜಿಗಳನ್ನು ತೆಗೆದು ಕೈಯಲ್ಲಿಟ್ಟುಕೊಂಡೆ. "ನೋಡು, ಹಾಸ್ಟೆಲ್ ಅಕ್ಕನೇ ತಗೊಂಡ್ಲು ಅಂತ ಎಲ್ಲರೂ ಅಂದ್ಕೊಂಡಿದ್ದಾರೆ. ಪಾಪ ಅವ್ಳನ್ನ ಮನೆಗೆ ಕಳಿಸ್ತಾರಂತೆ. ಮತ್ತೆ ಶನಿವಾರದ್ದು ಬರೀ ತಾಲೀಮು ಪುಟ್ಟಿ. ನಿಜವಾದ್ದು ಮುಂದಿನ ವಾರ."

ಅವಳು ನನ್ನನ್ನು ನೋಡಿದಳು. ಕಣ್ಣು ತುಂಬಿತ್ತು, ಆದರೆ ಅಲ್ಲಾಡಲಿಲ್ಲ. "ಹಾಗಾದ್ರೆ ದೇವರು ಕ್ಷಮಿಸ್ಲಿಲ್ವಾ?"

ಇದಕ್ಕೆ ಏನು ಹೇಳುವುದು? ಕ್ಷಮಿಸಿಲ್ಲ ಎಂದರೆ ಆ ಮಗು ಅಷ್ಟು ದಿನ ಹೊತ್ತ ಭಾರವನ್ನು ಮತ್ತೆ ನಾನೇ ಎತ್ತಿ ಹೊರಿಸಿದಂತೆ. ಕ್ಷಮಿಸಿದ್ದಾನೆ ಎಂದರೆ ಅದು ನಿಜವಾದ ನಿವೇದನೆಯೇ ಆಗಿ ನನ್ನ ಬಾಯಿ ಕಟ್ಟಿದಂತೆ. ಅಷ್ಟರಲ್ಲಿ ತಾಯಿ ಸಾಕ್ಸ್ ಹಿಡಿದುಕೊಂಡು ಮೆಟ್ಟಿಲು ಹತ್ತಿದರು. "ಕ್ಷಮಿಸಿದ್ದಾನೆ," ಎಂದು ಮೆಲ್ಲಗೆ ಹೇಳಿ ಫ್ರಾಕ್ ಬಿಚ್ಚಿದೆ.

ಭಾನುವಾರ ಪೂಜೆಯುದ್ದಕ್ಕೂ ನನಗೆ ಒಂದು ಮಾತೂ ಕಿವಿಗೆ ಬೀಳಲಿಲ್ಲ. ಸಭೆ ಚರ್ಚಿನ ಪಕ್ಕದ ಕೋಣೆಯಲ್ಲಿ. ಫಾದರ್, ಪರಿಷತ್ತಿನ ಎಂಟು ಹತ್ತು ಮಂದಿ, ಸಿಸ್ಟರ್. ಟ್ರಂಕ್ ತಪಾಸಣೆಗೆ ಸಾಕ್ಷಿ ಎಂದು ನಾನು, ನನ್ನ ತರಗತಿಯನ್ನು ಬೇರೆ ಟೀಚರಿಗೆ ಒಪ್ಪಿಸಿ. ಹುಡುಗಿ ಬಾಗಿಲ ಹತ್ತಿರದ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಬಟ್ಟೆಯ ಚೀಲವೊಂದು ಕಾಲ ಬುಡದಲ್ಲಿತ್ತು. ಕಳಿಸುತ್ತಾರೆ ಎಂದು ಆಗಲೇ ಗಂಟುಕಟ್ಟಿಕೊಂಡು ಬಂದಿದ್ದಳು.

ಕಾರ್ಯದರ್ಶಿಯವರು ಎದ್ದು ಅಜ್ಜನಿಂದ ಶುರುಮಾಡಿದರು. ಅವರ ಸಂಕಟ ನಾಟಕವಲ್ಲ. "ನಾನು ಪೊಲೀಸಿಗೆ ಹೇಳ್ಲಿಲ್ಲ, ಹುಡುಗಿ ಅಂತ ಬಿಟ್ಟೆ," ಎಂದರು. "ಎಲ್ಲಿಟ್ಟಿದ್ದಾಳೆ ಅಂತ ಹೇಳಿದ್ರೆ ಈಗ್ಲೂ ಬಿಡ್ತೇನೆ. ಇಲ್ಲಾಂದ್ರೆ ಇವತ್ತೇ ಬಸ್ಸಿಗೆ ಹತ್ತಿಸಿ. ಮನೇಲಿ ಕೂತು ಓದ್ಲಿ, ಪರೀಕ್ಷೆಗೆ ಬರ್ಲಿ."

"ನಮ್ಮನೇಲಿ ಕೂತು ಓದ್ಲಿಕ್ಕೆ ಆಗೂದಿಲ್ಲ," ಎಂದಳು ಹುಡುಗಿ. "ನಾ ತಗಂಡಿಲ್ಲ. ಎಷ್ಟು ಸಲ ಹೇಳೂದು?"

"ಹಾಗಾದ್ರೆ ಯಾರು ತಗೊಂಡ್ರು? ಕುರಿ ತಗೊಂಡು ಹೋಯ್ತಾ?"

ಒಂದಿಬ್ಬರು ನಕ್ಕರು. ಫಾದರ್ ಮೇಜನ್ನೇ ನೋಡುತ್ತಿದ್ದರು. ಹುಡುಗಿ ಬಗ್ಗಿ ಚೀಲದ ಹಿಡಿಕೆ ಹಿಡಿದುಕೊಂಡಳು, ಏಳುವುದಕ್ಕೆ. ಆ ನಗು ಕೇಳಿ ನನಗೆ ಮೈಯೆಲ್ಲ ಉರಿಯಿತು. ಅದೇ ಉರಿಯಲ್ಲಿ ಎದ್ದೆ.

"ಬಾಲಯೇಸು ಎಲ್ಲಿದೆ ಅಂತ ನಂಗೆ ಗೊತ್ತು," ಎಂದೆ. "ಇವಳಿಗೆ ಗೊತ್ತಿಲ್ಲ."

"ಎಂತ ಹೇಳ್ತೀರಿ ಟೀಚರ್? ನಿಮ್ಗೆ ಯಾರು ಹೇಳಿದ್ದು?" ಕಾರ್ಯದರ್ಶಿಯವರು ನನ್ನ ಕಡೆಗೇ ತಿರುಗಿದರು.

"ಅದು ಕೇಳ್ಬೇಡಿ. ಬನ್ನಿ, ತೋರಿಸ್ತೇನೆ."

ಹೆಸರು ಹೇಳದಿದ್ದರೆ ಮಗುವಿನ ಗುಟ್ಟು ಉಳಿದೀತು ಎಂಬ ಹುಚ್ಚು ಆಸೆ. ಸಮಾಧಿ ಸ್ಥಳದ ಗೇಟು ದಾಟಿ, ಅವರ ಅಪ್ಪನ ಗೋರಿಯ ಎದುರೇ ನಾನು ನಿಂತಾಗ ಅವರ ಹೆಜ್ಜೆ ನಿಧಾನವಾಯಿತು. ಶಿಲುಬೆಯ ಬುಡದಲ್ಲಿ ಒಣಗಿದ ದಾಸವಾಳ, ಸುತ್ತ ಸಣ್ಣ ಸಣ್ಣ ಕಲ್ಲುಗಳ ಒಂದು ಪುಟ್ಟ ಚೌಕ. ನಾನು ಕೈಯಲ್ಲೇ ಮಣ್ಣು ಸರಿಸಿದೆ. ನಾಲ್ಕು ಬೆರಳ ಆಳದಲ್ಲಿತ್ತು. ಮಕ್ಕಳ ಕರವಸ್ತ್ರದಲ್ಲಿ ಸುತ್ತಿ, ಶಾಲೆಯ ರಿಬ್ಬನ್ನಿನಿಂದ ಕಟ್ಟಿತ್ತು. ಕಾರ್ಯದರ್ಶಿಯವರು ಅದನ್ನು ನನ್ನ ಕೈಯಿಂದ ತೆಗೆದುಕೊಂಡರು. ಬಿಚ್ಚಲಿಲ್ಲ. ಆ ರಿಬ್ಬನ್ನನ್ನು ದಿನಾ ಬೆಳಿಗ್ಗೆ ಮಗಳ ಜಡೆಗೆ ಕಟ್ಟುವವರು ಅವರೇ ಎಂದು ಆಮೇಲೆ ತಿಳಿಯಿತು.

"ಅಪ್ಪ ತೀರಿಕೊಂಡಾಗ, ಪೆಟ್ಟಿಗೆ ಮುಚ್ಚಬೇಡಿ ಅಂತ ಅವತ್ತಿಡೀ ಅತ್ತಿದ್ದಳು," ಎಂದರು ಯಾರಿಗೂ ಹೇಳದ ಹಾಗೆ. "ಸುಮ್ನಿರು ಅಂತ ಗದರಿಸಿದ್ದೆ."

ಧರ್ಮೋಪದೇಶದ ತರಗತಿ ಬಿಟ್ಟು ಮಕ್ಕಳು ಅಂಗಳಕ್ಕೆ ಬಂದಿದ್ದರು. ಕಾರ್ಯದರ್ಶಿಯವರ ಮಗಳು ಗೇಟಿನ ಸರಳು ಹಿಡಿದು ನಿಂತಿದ್ದಳು. ಅಪ್ಪನ ಕೈಯಲ್ಲಿದ್ದದ್ದನ್ನು ನೋಡಿದಳು, ಆಮೇಲೆ ಮಣ್ಣಾದ ನನ್ನ ಕೈ ನೋಡಿದಳು. ಅಳಲಿಲ್ಲ. ಅತ್ತಿದ್ದರೆ ಒಳ್ಳೆಯದಿತ್ತು.

ಸಭೆ ಮತ್ತೆ ಕೂರಲೇ ಇಲ್ಲ. "ಆಯ್ತು, ವಿಷಯ ಇಲ್ಲಿಗೇ ಬಿಡುವಾ," ಎಂದು ಹಿರಿಯರೊಬ್ಬರು ಅಂದರು, ಎಲ್ಲರೂ ಬೇಗ ಬೇಗ ತಲೆಯಾಡಿಸಿದರು. ಹುಡುಗಿಯ ಹತ್ತಿರ ತಪ್ಪಾಯಿತು ಎಂದು ಯಾರೂ ಹೇಳಲಿಲ್ಲ. ಸಿಸ್ಟರ್ ಮಾತ್ರ ಅವಳ ಬೆನ್ನು ತಟ್ಟಿ, "ಹೋಗವ್ವಾ, ಚೀಲ ಒಳಗಿಡು, ಓದ್ಕೋ ಹೋಗು," ಎಂದರು. ಆ ಚೀಲವನ್ನು ಅವರೇ ಹಿಡಿದುಕೊಂಡು ನಡೆದರು.

ಮುಂದಿನ ಶನಿವಾರ ಮಕ್ಕಳ ನಿಜವಾದ ಪಾಪ ನಿವೇದನೆ. ನಾನು ಹಿಂದಿನ ಬೆಂಚಿನಲ್ಲಿ ಕೂತು ಒಬ್ಬೊಬ್ಬರನ್ನೇ ಕಳಿಸುತ್ತಿದ್ದೆ. ಪ್ರತಿ ಮಗುವೂ ಎರಡು ಮೂರು ನಿಮಿಷ ತೆಗೆದುಕೊಂಡಿತು. ಕಾರ್ಯದರ್ಶಿಯವರ ಮಗಳು ಹೋಗಿ ಮಂಡಿಯೂರಿದಳು, ಒಂದು ಜಪ ಹೇಳಿ ಮುಗಿಸುವಷ್ಟರಲ್ಲಿ ಎದ್ದು ಬಂದಳು. ನಾನು ಏನೂ ಕೇಳಲಿಲ್ಲ. ಆದರೂ ನನ್ನ ಹತ್ತಿರ ನಿಂತು, "ಹೇಳ್ಲಿಕ್ಕೆ ಏನೂ ಇರ್ಲಿಲ್ಲ ಟೀಚರ್," ಎಂದಳು. ಬಹಳ ಮರ್ಯಾದೆಯಿಂದ ಹೇಳಿದಳು.

ಮರುದಿನ ಬಿಳಿ ಫ್ರಾಕು, ಬಿಳಿ ಅಂಗಿಗಳ ಸಾಲು ಪೀಠದ ಮುಂದೆ ನಿಂತಿತು. ನನ್ನ ಮಕ್ಕಳು ಒಂದೂ ತಪ್ಪಿಲ್ಲದೆ ಎಲ್ಲವನ್ನೂ ಮಾಡಿದರು. ಮೇಲಿನ ಅಟ್ಟದಿಂದ ಹಾಡು ಸರಿಯಾಗಿ ಕೇಳಿಬಂತು. ಹುಡುಗಿ ಕೀಬೋರ್ಡಿಗೆ ಮರಳಿದ್ದಳು. ಪೂಜೆ ಮುಗಿದು ಜನ ಫೋಟೊಗೆ ಹೊರಟ ಮೇಲೆ ನಾನು ಅಟ್ಟ ಹತ್ತಿ ಹೋದೆ. ಅವಳಾಗಿ ಒಂದು ಮಾತು ಆಡಲಿ ಎಂಬ ಆಸೆ ಇತ್ತು. ಇನ್ನೂ ಬಿಚ್ಚಿ ಹೇಳಬೇಕೆಂದರೆ, ಉಪಕಾರ ಮಾಡಿದವಳ ಬಿಂಕವೂ ಸ್ವಲ್ಪ ಇತ್ತು.

ಅವಳು ಹಾಡಿನ ಪುಸ್ತಕಗಳನ್ನು ಜೋಡಿಸುತ್ತಿದ್ದಳು. ತಲೆ ಎತ್ತದೆ ಕೇಳಿದಳು.

"ಆ ಮಗು ನಿಮ್ಮ ಹತ್ರ ಯಾವತ್ತು ಹೇಳಿದ್ದು?"

ಸುಳ್ಳು ಹೇಳಬಹುದಿತ್ತು. ಸಭೆಯ ಹಿಂದಿನ ದಿನ ಎಂದಿದ್ದರೆ ಮುಗಿಯುತ್ತಿತ್ತು. "ತಾಲೀಮಿನ ಶನಿವಾರ," ಎಂದೆ.

"ಸಭೆಯ ಹಿಂದಿನ ಶನಿವಾರ ಅಲ್ಲ. ಅದರ ಹಿಂದಿನದ್ದು."

"ಹೌದು."

ಅವಳು ಪುಸ್ತಕಗಳನ್ನು ಕಪಾಟಿನಲ್ಲಿಟ್ಟು ಬಾಗಿಲು ಹಾಕಿದಳು. "ಹಾಗಾದ್ರೆ ಸೋಮವಾರ ನಿಮ್ಗೆ ಗೊತ್ತಿತ್ತು," ಎಂದಳು. "ನನ್ನ ಒಳಬಟ್ಟೆ ಕೊಡವಿ ಮಂಚದ ಮೇಲೆ ಹಾಕ್ವಾಗ. ನಾ ಅಂಥವ್ಳಾ ಅಂತ ನಿಮ್ಮನ್ನೇ ಕೇಳಿದ್ದೆ."

ಮಗುವಿನ ನಂಬಿಕೆ, ಗೂಡು, ಕಟ್ಟುಪಾಡು ಎಲ್ಲವೂ ನಾಲಗೆಯ ತುದಿಗೆ ಬಂದವು. ಅವಳು ಕೀಬೋರ್ಡಿಗೆ ಕವರ್ ಹಾಕಿ ಜಿಪ್ ಎಳೆದಳು. ಪ್ಲಗ್ ತೆಗೆಯಲು ಬಗ್ಗಿದವಳು ಹಾಗೇ ನಿಂತಳು.

"ಸ್ವಲ್ಪ ಸರೀರಿ ಟೀಚರ್," ಎಂದಳು. "ವಾಯರ್ ಮೇಲೆ ನಿಂತಿದ್ದೀರಿ."

ಮೂರು ವರ್ಷಗಳಿಂದ ಅಕ್ಕ ಎನ್ನುತ್ತಿದ್ದವಳು. ನಾನು ಸರಿದು ನಿಂತೆ.